ಗಬ್ಬ ಬಿಟ್ಟು ವೈರಸ್ ಹಿಡಿದದ್ದು ಯಾಕೆ?

ಮೊನ್ನೆ ಮಳವಳ್ಳಿಯಲ್ಲಿ ಮದುವೆ ಊಟಕ್ಕೆ ಕೂತಿದ್ದೆ. ಎಲೆಗೆ ಇನ್ನೂ ಅನ್ನ ಬಿದ್ದಿರಲಿಲ್ಲ, ಪಕ್ಕದಲ್ಲಿದ್ದ ಚಿಕ್ಕಪ್ಪ ಶುರು ಮಾಡಿದರು. "ಅಲ್ಲ ಕಣವ್ವ, ಹಸ ಗಬ್ಬ ನಿಲ್ಲೋದರ ಮ್ಯಾಲೆ ಓದ್ದೋಳು ನೀನು. ಅದ್ನ ಬುಟ್ಟು ವೈರಸ್ಸು ಹಿಡ್ಕಂಡವ್ಳೆ ಅಂತಾರಲ್ಲ, ಯಾಕವ್ವ?"

ಇದೇ ಪ್ರಶ್ನೆಯನ್ನು ಮೈಸೂರಿನ ಕಾಲೇಜು ಹುಡುಗರೂ ಕೇಳುತ್ತಾರೆ. 2020ರ ನಂತರವಂತೂ ಜಾಸ್ತಿಯಾಗಿದೆ. ಕೊರೊನಾ ಬಂದಾಗ, ಗಾಳಿ ಬೀಸಿದ ಕಡೆ ತೂರಿಕೊಂಡೆ ಅಂತ ಕೆಲವರ ಲೆಕ್ಕ. ಹಾಗೇನಿಲ್ಲ. ಇದು ಅದಕ್ಕಿಂತ ಹಳೇ ಕಥೆ.

ನಮ್ಮೂರ ಕೆರೆ ಏರಿಯ ಮೇಲೆ ಒಂದು ಆಲದ ಮರ ಇತ್ತು. ಹಸು ಕರು ಹಾಕಿದರೆ ಮಾಸನ್ನು ಹುಲ್ಲಲ್ಲಿ ಸುತ್ತಿ, ಹಳೇ ಗೋಣಿಚೀಲಕ್ಕೆ ತುಂಬಿ, ಆ ಮರಕ್ಕೆ ಕಟ್ಟುತ್ತಿದ್ದರು. ಹಾಲು ಸೋರುವ ಮರಕ್ಕೆ ಕಟ್ಟಿದರೆ ಹಸುವೂ ಚೆನ್ನಾಗಿ ಹಾಲು ಕೊಡುತ್ತದೆ ಅನ್ನುವ ನಂಬಿಕೆ. ಸ್ಕೂಲಿಗೆ ಹೋಗುವಾಗ ಅಲ್ಲಿ ಮೂಗು ಮುಚ್ಚಿಕೊಂಡು ಓಡುತ್ತಿದ್ದೆವು. ಆ ಗಂಟಿನೊಳಗೆ ಇರುವುದರ ಮೇಲೇ ನನ್ನ ಅರ್ಧ ಆಯಸ್ಸು ಕಳೆಯುತ್ತದೆ ಅಂತ ಯಾರು ಕಂಡಿದ್ದರು.

ಮಾನಸಗಂಗೋತ್ರಿಯಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್ಸಿ., ಆಮೇಲೆ ಬೇರೆ ಊರಲ್ಲಿ ಪಿಎಚ್.ಡಿ. ವಿಷಯ ಇಷ್ಟೇ: ಗಬ್ಬ ನಿಂತದ್ದು ಹಸುವಿನ ಮೈಗೆ ಹೇಗೆ ಗೊತ್ತಾಗುತ್ತದೆ? ಹಸು ಸುಮಾರು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಗಬ್ಬ ನಿಂತರೆ ಬರುವುದಿಲ್ಲ. ಅದನ್ನು ತಡೆಯುವುದು ಒಳಗಿರುವ ಭ್ರೂಣವೇ. 16–17ನೇ ದಿನದ ಹೊತ್ತಿಗೆ ಅದು ದಾರದ ಎಳೆಯ ಹಾಗೆ ಉದ್ದಕ್ಕೆ ಬೆಳೆದಿರುತ್ತದೆ, ಗರ್ಭಕೋಶಕ್ಕೆ ಸರಿಯಾಗಿ ಅಂಟಿಕೊಂಡೂ ಇರುವುದಿಲ್ಲ. ಅಷ್ಟರಲ್ಲೇ ಒಂದು ಪ್ರೋಟೀನ್ ಸುರಿಸಿ, ನಾನಿದ್ದೀನಿ ಅಂತ ತಾಯಿಗೆ ತಿಳಿಸುತ್ತದೆ. 1987ರಲ್ಲಿ ಕುರಿಯಲ್ಲಿ ಈ ಪ್ರೋಟೀನನ್ನು ಬಿಡಿಸಿ ನೋಡಿದರೆ, ಅದು ಇಂಟರ್‌ಫೆರಾನ್! 1957ರಲ್ಲಿ ಐಸಾಕ್ಸ್ ಮತ್ತು ಲಿಂಡನ್‌ಮನ್ ಕಂಡುಹಿಡಿದ ಜಾತಿಯದೇ: ವೈರಸ್ ನುಗ್ಗಿದಾಗ ಜೀವಕೋಶ ಅಕ್ಕಪಕ್ಕದವಕ್ಕೆ ಕೂಗಿ ಹೇಳುವ ಎಚ್ಚರಿಕೆ. (ಮನುಷ್ಯರಲ್ಲಿ ಈ ಕೆಲಸಕ್ಕೆ ಬೇರೆ ಹಾರ್ಮೋನು. ಇದು ಮೆಲುಕು ಹಾಕುವ ಪ್ರಾಣಿಗಳ ಪದ್ಧತಿ.)

ಇದೆಲ್ಲ ಓದಿದ್ದೆ, ಆದರೆ ತಲೆಗೆ ಇಳಿದಿರಲಿಲ್ಲ. ಇಳಿಸಿದ್ದು ಒಂದು ಬಾಟಲಿ.

ಗರ್ಭಕೋಶದ ಒಳಪದರದ ಜೀವಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿ, ಇಂಟರ್‌ಫೆರಾನ್ ಹಾಕಿ, ಏನಾಗುತ್ತದೆ ಅಂತ ಅಳೆಯುವುದು ನನ್ನ ಕೆಲಸ. ಒಂದು ವಾರ ಚೆನ್ನಾಗಿ ಬರೋದು. ಮುಂದಿನ ವಾರ ತಾಳ ಮೇಳ ಇಲ್ಲ. ನನ್ನ ಕೈಯೇ ಸರಿ ಇಲ್ಲ ಅಂದುಕೊಂಡೆ. ಪಿಪೆಟ್ ಬದಲಾಯಿಸಿದೆ, ಇನ್‌ಕ್ಯುಬೇಟರ್ ತಿಕ್ಕಿ ತೊಳೆದೆ, ಊರಿಗೆ ಬಂದಾಗ ನಂಜನಗೂಡಿಗೂ ಹೋಗಿ ಕೈಮುಗಿದೆ. ಒಂದೂವರೆ ವರ್ಷ ಹೀಗೇ ಹೋಯಿತು. ಕೊನೆಗೆ ಲ್ಯಾಬಿನ ಹಿರಿಯರೊಬ್ಬರು ಕೇಳಿದರು, "ಸೀರಮ್ ಟೆಸ್ಟ್ ಮಾಡ್ಸಿದ್ದೀಯೇನಮ್ಮ?"

ಜೀವಕೋಶ ಬೆಳೆಯಲಿ ಅಂತ ಹಾಕುವ ಸೀರಮ್ ಬೆಲ್ಲದ ನೀರಿನ ಬಣ್ಣಕ್ಕಿರುತ್ತದೆ. ಬರುವುದು ಇನ್ನೂ ಹುಟ್ಟದ ಕರುವಿನ ರಕ್ತದಿಂದ. ಕಸಾಯಿಖಾನೆಗೆ ಹೋದ ಗಬ್ಬದ ಹಸುವಿನ ಹೊಟ್ಟೆಯಲ್ಲಿದ್ದ ಕರು. ಟೆಸ್ಟ್ ಮಾಡಿಸಿದರೆ ಒಂದು ಲಾಟಿನ ಬಾಟಲಿಗಳಲ್ಲಿ ಬಿವಿಡಿ ವೈರಸ್, ಅಂದರೆ ದನಗಳಿಗೆ ಭೇದಿ ರೋಗ ತರುವ ವೈರಸ್. ಜೀವಕೋಶವನ್ನು ಕೊಲ್ಲದೆ ಸುಮ್ನೆ ಒಳಗೆ ಕೂತಿರುವ ಬಗೆಯದು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಆದರೆ ಇಂಟರ್‌ಫೆರಾನಿನ ಲೆಕ್ಕವನ್ನೇ ಏರುಪೇರು ಮಾಡಿಬಿಡುತ್ತದೆ. ನಾನು ಅಳೆಯುತ್ತಿದ್ದದ್ದೂ ಅದನ್ನೇ.

ಅತ್ತುಬಿಟ್ಟೆ. ಎರಡು ದಿನ ಊಟ ಸೇರಲಿಲ್ಲ. ಆಮೇಲೆ ಒಂದು ಯೋಚನೆ ತಲೆ ಕೊರೆಯತೊಡಗಿತು. ಹುಟ್ಟದ ಕರುವಿನ ರಕ್ತಕ್ಕೆ ಈ ವೈರಸ್ ಬಂದದ್ದಾದರೂ ಹೇಗೆ? ತಾಯಿಯಿಂದ, ಮಾಸು ದಾಟಿಕೊಂಡು. ಗಬ್ಬದ ಮೊದಲ ನಾಲ್ಕು ತಿಂಗಳೊಳಗೆ ತಗುಲಿದರೆ, ಕರುವಿನ ರೋಗನಿರೋಧಕ ಶಕ್ತಿ ಇನ್ನೂ ಕಣ್ಣು ಬಿಟ್ಟಿರುವುದಿಲ್ಲ. ವೈರಸ್ಸನ್ನೂ ತನ್ನ ಮನೆಯವನೇ ಅಂದುಕೊಳ್ಳುತ್ತದೆ. ಕೆಲವು ಹಸುಗಳು ಕಂದು ಹಾಕುತ್ತವೆ. ಉಳಿದು ಹುಟ್ಟಿದ ಕರು ನೋಡಲು ಚೆನ್ನಾಗಿಯೇ ಇರಬಹುದು, ಆದರೆ ಬದುಕಿರುವಷ್ಟು ದಿನ ಸಿಂಬಳ, ಜೊಲ್ಲು, ಗಂಜಲ ಎಲ್ಲದರಲ್ಲೂ ವೈರಸ್ ಚೆಲ್ಲುತ್ತಾ ಓಡಾಡುತ್ತದೆ. ಈಗ ಹೇಳಿ, ಇದು ಗಬ್ಬದ ಪಾಠವೋ, ವೈರಸ್ ಪಾಠವೋ? ನಾನು ಯಾವುದನ್ನೂ ಬಿಟ್ಟಿಲ್ಲ.

ಕುರಿಯದು ಇನ್ನೂ ಮಜಾ. ಕುರಿಯ ಡಿಎನ್ಎಯಲ್ಲಿ ಯಾವುದೋ ಕಾಲದ ರೆಟ್ರೋವೈರಸ್ (ಜೀವಕೋಶದ ಡಿಎನ್ಎಗೇ ತನ್ನ ಜೀನ್‌ಗಳನ್ನು ಸೇರಿಸಿಬಿಡುವ ಜಾತಿ) ಇಪ್ಪತ್ತಕ್ಕೂ ಜಾಸ್ತಿ ಕಡೆ ಸೇರಿಕೊಂಡುಬಿಟ್ಟಿದೆ. ಅದರ ಕವಚದ ಜೀನ್ ಕೆಲಸ ಮಾಡದಂತೆ ತಡೆದು ನೋಡಿದ ಪ್ರಯೋಗ 2006ರಲ್ಲಿ ಪ್ರಕಟವಾಯಿತು. ಭ್ರೂಣದ ಹೊರಪದರ ಬೆಳೆಯಲಿಲ್ಲ, ಗಬ್ಬ ಉಳಿಯಲಿಲ್ಲ. ಬನ್ನೂರು ಕಡೆ ಕುರಿಯ ಬೆನ್ನು ಒತ್ತಿ ನೋಡಿ ವ್ಯಾಪಾರ ಮಾಡುವವರಿಗೆ ಒಮ್ಮೆ ಇದನ್ನು ಹೇಳಿದೆ. ನಕ್ಕು, ರೇಟು ಮಾತಾಡಲು ಹೋದರು.

ಚಿಕ್ಕಪ್ಪನಿಗೆ ಇಷ್ಟೆಲ್ಲ ಹೇಳಲಿಲ್ಲ, ಬಾಟಲಿ ಕಥೆ ಮಾತ್ರ ಹೇಳಿದೆ. ಅನ್ನ ಕಲಸುತ್ತಾ ಕೇಳಿಸಿಕೊಂಡರು. "ಹಂಗಾರೆ ನಮ್ಮ ಕೆಂದಸ ಮೂರು ಸಲ ಗಬ್ಬದ ಇಂಜೆಕ್ಸನ್ ಹಾಕ್ಸುದ್ರೂ ನಿಲ್ತಿಲ್ಲ. ಅದ್ಕೂ ವೈರಸ್ಸೇಯಾ?"

"ಇರಬಹುದು ಚಿಕ್ಕಪ್ಪ, ಆದ್ರೆ ಮೊದಲು ಹೊತ್ತು ನೋಡಿ. ಬೆಳಗ್ಗೆ ಬೆದೆ ಕಂಡ್ರೆ ಸಂಜೆ ಹಾಕಿಸ್ಬೇಕು. ಸಂಜೆ ಕಂಡ್ರೆ ಮಾರನೇ ಬೆಳಗ್ಗೆ. ನೀವು ಯಾವಾಗ ಹಾಕಿಸ್ತೀರಾ?"

"ನಂಗೆ ಪುರುಸೊತ್ತಾದಾಗ," ಅಂದರು.