ಹೊಗೆ ಅಲಾರಂ ಕೆಲಸ: ಮೂರನೆಯ ತಂತಿ ಎಳೆದಾಯಿತು

ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಫ್ಲ್ಯಾಟಿನ ಅಲಾರಂ ಕೆಲಸ ಈ ವಾರ ಅರ್ಧ ದಾಟಿತು. ಹಾಲ್, ಪ್ಯಾಸೇಜ್, ಅಪ್ಪ ಅಮ್ಮ ಮಲಗುವ ಕೋಣೆ ಮೂರೂ ಮುಗಿದವು. ಅಡುಗೆಮನೆ ಬಾಕಿ.

ಹಾಲಿನಲ್ಲಿ ಒಂಟಿ ಅಲಾರಂ ಕೂಗಿದರೆ, ಬಾಗಿಲು ಹಾಕಿ ಫ್ಯಾನ್ ಜೋರಾಗಿಟ್ಟು ಮಲಗುವ ಅಪ್ಪನಿಗೆ ಕೇಳಿಸುವ ಭರವಸೆ ನನಗಿಲ್ಲ. ಒಂದು ಕೂಗಿದರೆ ಎಲ್ಲವೂ ಕೂಗಬೇಕು. ಅಮೆರಿಕದಿಂದ ತಂದುಕೊಡುತ್ತೇನೆಂದ ಭಾವನಿಗೆ ಬೇಡವೆಂದೆ. ಅಲ್ಲಿನ ತಂತಿ ಅಲಾರಂಗಳು 120 ವೋಲ್ಟಿನವು, ನಮ್ಮ ಮನೆಯಲ್ಲಿರುವುದು 230. ನಾನು ತಂದವು ಒಂದೇ ಕಂಪನಿಯವು, ಕರೆಂಟ್ ಹೋದರೆ ಒಳಗಿನ ಬ್ಯಾಟರಿಯಿಂದ ನಡೆಯುವಂಥವು.

ಮಿಸ್ತ್ರಿಯ ಜೊತೆ ವಾದ ಹತ್ತಿದ್ದು ಮೂರನೆಯ ತಂತಿಗೆ. ಫೇಸ್, ನ್ಯೂಟ್ರಲ್ ಅಲ್ಲದೆ ಒಂದು ಅಲಾರಂ ಇನ್ನೊಂದಕ್ಕೆ ಸುದ್ದಿ ಮುಟ್ಟಿಸಲು ಬೇರೆಯೇ ತಂತಿ ಬೇಕು. “ಸಾಹೇಬ, ಪೈಪಿನಲ್ಲಿ ಹಸಿರು ತಂತಿ ಸುಮ್ಮನೆ ಬಿದ್ದಿದೆ, ಅದನ್ನೇ ಕೊಟ್ಟುಬಿಡೋಣ” ಎಂದ. ನಾನು ಜಗ್ಗಲಿಲ್ಲ. ಹಸಿರು ಅರ್ಥಿಂಗಿನದು. ನಾಳೆ ಇನ್ನೊಬ್ಬ ಮಿಸ್ತ್ರಿ ಬಂದು ಅದನ್ನು ಅರ್ಥಿಂಗ್ ಎಂದೇ ನಂಬಿ ಕೈಯಿಡುತ್ತಾನೆ. ಸುದ್ದಿಯ ತಂತಿಯಲ್ಲೂ ಕರೆಂಟ್ ಇದೆಯೆಂದೇ ಎಣಿಸಿ, ಫೇಸಿಗೆ ಬಳಸುವಷ್ಟೇ ಗಟ್ಟಿ ಹೊದಿಕೆಯದನ್ನು ಎಳೆಯಬೇಕು. ಕೊನೆಗೆ 1.5 ಚದರ ಮಿಲಿಮೀಟರಿನ ಬೂದು ತಂತಿ ಬಂತು. ಪ್ಯಾಸೇಜಿನ ತಿರುವಿನಲ್ಲಿ ಸ್ಲ್ಯಾಬಿನೊಳಗಿನ ಹಳೆಯ ಪೈಪು ಕಟ್ಟಿಕೊಂಡಿತ್ತು, ತಂತಿ ಎಳೆಯುವ ಸ್ಪ್ರಿಂಗ್ ಮುಂದೆ ಸಾಗಲಿಲ್ಲ. ಅಲ್ಲಿಂದ ಹೊರಗೆ ಕಾಣುವ ಕೇಸಿಂಗ್ ಪಟ್ಟಿಯೊಳಗೆ ತಂತಿ. ಅಮ್ಮನಿಗೆ ಆ ಪಟ್ಟಿ ಕಂಡರಾಗದು, ಇರಲಿ.

ಹಾಲಿನ ಚಾವಣಿಯ ಡಬ್ಬಿ ಬಿಚ್ಚಿದಾಗ ನ್ಯೂಟ್ರಲ್ ಆಗಿರಬೇಕಾದ ಕಪ್ಪು ತಂತಿಗೆ ಟೆಸ್ಟರ್ ಮಿನುಗಿತು. ಯಾವುದೋ ಕಾಲದಲ್ಲಿ ಯಾರೋ ಫೇಸ್ ನ್ಯೂಟ್ರಲ್ ಅದಲುಬದಲು ಮಾಡಿದ್ದಾರೆ. ದೀಪಕ್ಕೆ ಅದು ಗೊತ್ತಾಗುವುದಿಲ್ಲ, ಆದರೆ ಜೋಡಿಸಿದ ಅಲಾರಂಗಳು ಕೆಟ್ಟುಹೋಗಬಹುದು. ಹಾಗಾಗಿ ಎಂಸಿಬಿ (ಕರೆಂಟ್ ಕಡಿಯುವ ಮೇನ್ ಬೋರ್ಡಿನ ಸ್ವಿಚ್) ಇಳಿಸಿ, ಮಲ್ಟಿಮೀಟರ್ ಹಿಡಿದು ಒಂದೊಂದೇ ಡಬ್ಬಿ ಸರಿಪಡಿಸಿದೆವು. ತಂತಿಯ ಹೊದಿಕೆ ಗಟ್ಟಿಯಿದೆಯೇ ಎಂದು ನೋಡುವ ಮೆಗ್ಗರ್ ಪರೀಕ್ಷೆಯನ್ನೂ ಅಲಾರಂ ಕೂರಿಸುವ ಮೊದಲೇ ಮುಗಿಸಿಕೊಂಡೆವು, ಅದರ 500 ವೋಲ್ಟನ್ನು ಅಲಾರಂನೊಳಗಿನ ಸರ್ಕ್ಯೂಟ್ ತಾಳಲಾರದು.

ಕರೆಂಟ್ ತೆಗೆದುಕೊಂಡದ್ದು ಹಾಲಿನ ದೀಪದ ಎಂಸಿಬಿಯಿಂದ, ದೀಪ ಆರಿಸಿದರೂ ಅಲಾರಂಗೆ ಕರೆಂಟ್ ಇರಲೆಂದು ಸ್ವಿಚ್ಚಿಗೂ ಮೊದಲೇ. ಪ್ರತ್ಯೇಕ ಎಂಸಿಬಿ ಕೊಡುವ ಪದ್ಧತಿಯೂ ಇದೆ, ಆದರೆ ಅದು ಬಿದ್ದರೆ ನಮ್ಮ ಮನೆಯಲ್ಲಿ ಯಾರೂ ಗಮನಿಸುವುದಿಲ್ಲ. ಹಾಲಿನ ದೀಪ ಹೋದರೆ ಐದು ನಿಮಿಷದಲ್ಲಿ ಗಲಾಟೆ. ಮಲಗುವ ಕೋಣೆಯ ದೀಪ ಇನ್ವರ್ಟರಿನ ಮೇಲಿದೆ. ಅಲ್ಲಿಂದ ಒಂದು ಅಲಾರಂಗೆ, ಇಲ್ಲಿಂದ ಇನ್ನೊಂದಕ್ಕೆ ಕರೆಂಟ್ ಎಂದು ಬೆರೆಸಲಿಲ್ಲ.

ಪ್ಯಾಸೇಜಿನ ಅಲಾರಂನ ಪರೀಕ್ಷೆಯ ಗುಂಡಿ ಒತ್ತಿದೆ. ಮೂರೂ ಒಟ್ಟಿಗೆ ಕಿರುಚಿದವು. ಮಧ್ಯಾಹ್ನದ ನಿದ್ದೆಯಲ್ಲಿದ್ದ ಅಪ್ಪ ಎದ್ದು ಬಂದು ಚೆನ್ನಾಗಿ ಬೈದರು. ನನಗೆ ಬೇಕಾಗಿದ್ದೂ ಅದೇ. ಎಂಸಿಬಿ ಇಳಿಸಿ ಬ್ಯಾಟರಿಯ ಮೇಲೆ ಮತ್ತೊಮ್ಮೆ ಒತ್ತಿದೆ, ಮತ್ತೊಮ್ಮೆ ಬೈಸಿಕೊಂಡೆ.

ಅಡುಗೆಮನೆಗೆ ಹೊಗೆಯದಲ್ಲ, ಶಾಖದ ಅಲಾರಂ ಬರಬೇಕು. ಒಣಮೆಣಸಿನ ಒಗ್ಗರಣೆಗೆಲ್ಲ ಮನೆಯಿಡೀ ಕೂಗತೊಡಗಿದರೆ ಅಮ್ಮ ಮೊದಲು ತಂತಿಯನ್ನೇ ಕೀಳುತ್ತಾರೆ. ಅದೇ ಕಂಪನಿಯದಕ್ಕೆ ಮುಂಬೈಯ ಎಲೆಕ್ಟ್ರಿಕ್ ಸಾಮಾನಿನ ಪೇಟೆ ಲೋಹಾರ್ ಚಾಲಿನ ಅಂಗಡಿಯಲ್ಲಿ ಹೇಳಿಟ್ಟಿದ್ದೇನೆ. ಚಾವಣಿಯ ಪುಟ್ಟಿ ಉಜ್ಜುವುದು ಇನ್ನೂ ಇರುವುದರಿಂದ ಮೂರಕ್ಕೂ ಧೂಳಿನ ಮುಚ್ಚಳ ತೊಡಿಸಿದ್ದೇನೆ. ಉಜ್ಜಿ ಮುಗಿದ ದಿನವೇ ಅದನ್ನು ತೆಗೆಯಬೇಕು, ಮುಚ್ಚಳದೊಳಗಿನ ಅಲಾರಂಗೆ ಹೊಗೆ ತಲುಪುವುದಿಲ್ಲ.