“ಎಷ್ಟು ಗ್ರೇನ್ ಮದ್ದು ಹಾಕುತ್ತೀರಿ?” ಎಂದು ಕೇಳುವವರಿಗೆ

ನಾನು ಸೀಸ ಕರಗಿಸಿ ಗುಂಡುಗಳನ್ನು ಎರಕ ಹೊಯ್ಯುತ್ತೇನೆ, ಖಾಲಿ ತೋಟಾಗಳಿಗೆ ಮತ್ತೆ ಮದ್ದು ತುಂಬುತ್ತೇನೆ ಎಂದು ತಿಳಿದ ಕೂಡಲೇ ಕೋವಿಯ ಪರವಾನಗಿ ಇರುವವರೆಲ್ಲ ಕೇಳುವುದು ಒಂದೇ ಪ್ರಶ್ನೆ: “ಎಷ್ಟು ಗ್ರೇನ್ ಹಾಕುತ್ತೀರಿ? ಒಂದು ಸಂಖ್ಯೆ ಹೇಳಿಬಿಡಿ, ಸಾಕು.” ನಾನು ಹೇಳುವುದಿಲ್ಲ. ಇನ್ನು ಮುಂದೆ ಯಾಕೆ ಹೇಳುವುದಿಲ್ಲ ಎಂಬುದನ್ನೂ ಬಾಯಿಂದ ಹೇಳಲಾರೆ. ಇಲ್ಲಿ ಬರೆದಿದ್ದೇನೆ, ಓದಿಕೊಳ್ಳಿ.

ನನಗೆ ಸಿಟ್ಟು ಬರುವುದು “ಸಾಕು” ಎಂಬ ಆ ಮಾತಿಗೆ. ಮದ್ದಿನ ತೂಕ ಒಂದೇ ತಿಳಿದರೆ ಏನೂ ತಿಳಿದಂತಾಗುವುದಿಲ್ಲ. ಯಾವ ಹೆಸರಿನ ಮದ್ದು, ಗುಂಡಿನ ತೂಕವೆಷ್ಟು, ಅದು ತೋಟಾದೊಳಗೆ ಎಷ್ಟು ಆಳಕ್ಕೆ ಕೂತಿದೆ, ಮದ್ದಿಗೆ ಕಿಡಿ ಹೊತ್ತಿಸುವ, ತೋಟಾದ ತಳದ ಪ್ರೈಮರ್ ಯಾವುದು, ನಳಿಗೆ ಯಾವುದು, ಇವೆಲ್ಲ ಸೇರಿದಾಗ ಮಾತ್ರ ಆ ಸಂಖ್ಯೆಗೆ ಅರ್ಥ ಬರುತ್ತದೆ. ಗ್ರೇನ್ ಎಂದರೆ ಮದ್ದಿನ ಕಾಳುಗಳ ಎಣಿಕೆ ಎಂದು ತಿಳಿದವರೂ ನನ್ನನ್ನು ಕೇಳಿದ್ದಾರೆ. ಅದು ತೂಕದ ಅಳತೆ. ಒಂದು ಗ್ರಾಮಿಗೆ ಸುಮಾರು 15.43 ಗ್ರೇನ್.

ಕೆಲವು ವರ್ಷಗಳ ಹಿಂದೆ ಪರಿಚಯದವರೊಬ್ಬರ ಒತ್ತಾಯಕ್ಕೆ ಸೋತು ನಾನು ಸಂಖ್ಯೆ ಹೇಳಿಬಿಟ್ಟೆ. ಎರಡು ವಾರಗಳ ನಂತರ ಅವರ ಮನೆಗೆ ಹೋದಾಗ ಮೇಜಿನ ಮೇಲೆ ತುಂಬಿಟ್ಟ ಐವತ್ತು ತೋಟಾಗಳ ಪೆಟ್ಟಿಗೆಯಿತ್ತು, ಅದರ ಮೇಲೆ ನನ್ನ ಸಂಖ್ಯೆಯಿತ್ತು, ಪಕ್ಕದಲ್ಲಿದ್ದ ಮದ್ದಿನ ಡಬ್ಬಿ ಮಾತ್ರ ನನ್ನದಲ್ಲ; ನಾನು ಬಳಸುವುದಕ್ಕಿಂತ ಬಹಳ ಬೇಗ ಉರಿಯುವ ಮದ್ದು ಅದು. “ನೀವೇ ಹೇಳಿದ್ದಲ್ಲವೇ?” ಎಂದರು ಅವರು. ನಾನು ಮದ್ದಿನ ಹೆಸರು ಹೇಳಿರಲಿಲ್ಲ, ಅವರು ಕೇಳಿರಲಿಲ್ಲ. ತಪ್ಪು ಇಬ್ಬರದೂ, ಹೆಚ್ಚಿನ ಪಾಲು ನನ್ನದು. ಸುತ್ತಿಗೆಯ ಆಕಾರದ ಬಿಡಿಸುವ ಸಾಧನವನ್ನು ತರಿಸಿ ಆ ಸಂಜೆ ಐವತ್ತನ್ನೂ ಒಂದೊಂದಾಗಿ ಕುಟ್ಟಿ ಬಿಚ್ಚಿದೆವು. ಅವರು ಅಷ್ಟರೊಳಗೆ ಒಂದನ್ನೂ ಹಾರಿಸಿರಲಿಲ್ಲ. ಹಾರಿಸಿದ್ದರೆ ಏನಾಗುತ್ತಿತ್ತು ಎಂದು ನೆನೆದರೆ ಈಗಲೂ ನನ್ನ ಕೈ ತಣ್ಣಗಾಗುತ್ತದೆ.

ಆದ್ದರಿಂದ, ಸಂಖ್ಯೆ ಬೇಕಾದರೆ ಮದ್ದು ತಯಾರಿಸಿದವರೇ ಪ್ರಕಟಿಸಿದ ಕೋಷ್ಟಕವನ್ನು ನೋಡಿ, ಅದರಲ್ಲಿರುವ ಅತಿ ಕಡಿಮೆ ತೂಕದಿಂದ ಆರಂಭಿಸಿ, ಚಿಕ್ಕ ಚಿಕ್ಕ ಹೆಜ್ಜೆಗಳಲ್ಲಿ ಏರಿಸುತ್ತಾ, ಪ್ರತಿ ಹೆಜ್ಜೆಗೆ ಕೆಲವೇ ತೋಟಾಗಳನ್ನು ತುಂಬಿ ಹಾರಿಸಿ ನೋಡಿ. ಪ್ರೈಮರ್ ಚಪ್ಪಟೆಯಾಗುವುದು, ತೋಟಾವನ್ನು ಹಿಂದಿನಿಂದ ಮುಚ್ಚಿ ಹಿಡಿಯುವ ಬೋಲ್ಟ್ ಬಿಗಿಯಾಗುವುದು ಮುಂತಾದ ಒತ್ತಡದ ಕುರುಹುಗಳು ಬಹಳ ತಡವಾಗಿ ಬರುತ್ತವೆ. ಅವು ಕಾಣಲಿಲ್ಲವೆಂದು ಕೋಷ್ಟಕದ ಮಿತಿಯನ್ನು ದಾಟಬೇಡಿ. ಕನಿಷ್ಠಕ್ಕಿಂತ ಕೆಳಗೂ ಇಳಿಯಬೇಡಿ: ಮದ್ದು ಸಾಲದೆ ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡರೆ, ಅದರ ಹಿಂದೆ ಹಾರಿಸಿದ ಎರಡನೆಯ ಗುಂಡು ನಳಿಗೆಯನ್ನೇ ಒಡೆಯಬಲ್ಲದು. ಪಿಸ್ತೂಲಿನ ತೋಟಾದಲ್ಲಿ ಬೇಗ ಉರಿಯುವ ಮದ್ದು ಎರಡು ಸಲ ಬಿದ್ದರೂ ಎಷ್ಟೋ ವೇಳೆ ಹೊರಗೆ ಚೆಲ್ಲುವುದಿಲ್ಲ. ಹಾಗಾಗಿ ಗುಂಡು ಕೂರಿಸುವ ಮೊದಲು ದೀಪದಡಿ ಹಿಡಿದು ಪ್ರತಿಯೊಂದರ ಒಳಗೂ ನೋಡುತ್ತೇನೆ. ಮೇಜಿನ ಮೇಲೆ ಒಂದೇ ಮದ್ದಿನ ಡಬ್ಬಿ ಇರುತ್ತದೆ, ಫೋನ್ ಬೇರೆ ಕೋಣೆಯಲ್ಲಿರುತ್ತದೆ.

“ಆ ಗುಂಡು ಯಾವ ಸೀಸದ್ದು?” ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಇಡೀ ದಿನ ಕೂತು ಹೇಳುತ್ತೇನೆ. ಶುದ್ಧ ಸೀಸ 327 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಮೆತ್ತಗಿರುತ್ತದೆ. ಬ್ರಿನೆಲ್ ಅಳತೆಯಲ್ಲಿ ಅದರ ಗಡಸು ಸುಮಾರು 5. ಶೇಕಡಾ 90 ಸೀಸಕ್ಕೆ 5 ತವರ, 5 ಆಂಟಿಮನಿ ಸೇರಿಸಿದರೆ, ಅಂದರೆ ಲೈಮನ್ ನಂಬರ್ 2 ಎಂಬ ಮಿಶ್ರಣದಲ್ಲಿ, ಅದು ಸುಮಾರು 15ಕ್ಕೆ ಏರುತ್ತದೆ. ಗಡಸಾದಷ್ಟೂ ಒಳ್ಳೆಯದೆಂದು ಹಲವರು ನಂಬಿದ್ದಾರೆ. ನನ್ನ ಅನುಭವದಲ್ಲಿ ಗಡಸಿಗಿಂತ ಅಳತೆ ಮುಖ್ಯ: ಗುಂಡು ನಳಿಗೆಯ ಒಳಗೀರುಗಳ (ಒಳಗೆ ಸುರುಳಿಯಾಗಿ ಕೊರೆದ ಗೀರುಗಳ) ವ್ಯಾಸಕ್ಕಿಂತ ಇಂಚಿನ ಸಾವಿರದ ಒಂದು ಭಾಗದಷ್ಟು ದಪ್ಪವಿಲ್ಲದಿದ್ದರೆ ಬಿಸಿ ಅನಿಲ ಪಕ್ಕದಿಂದ ನುಗ್ಗಿ ಸೀಸವನ್ನು ಸವೆಸಿ ನಳಿಗೆಗೆ ಮೆತ್ತುತ್ತದೆ. ಗುಂಡಿನ ಮೇಲೆ ಸುಕ್ಕು ಬಿದ್ದಿದ್ದರೆ ಅಚ್ಚು ತಣ್ಣಗಿತ್ತೆಂದು ಅರ್ಥ. ಮಂಜು ಕವಿದಂತೆ ಮಂಕಾಗಿದ್ದರೆ ಅಚ್ಚು ಹೆಚ್ಚು ಕಾದಿದೆ. ಮಂಕಾದವನ್ನು ನಾನು ಇಟ್ಟುಕೊಳ್ಳುತ್ತೇನೆ, ಸುಕ್ಕಾದವನ್ನು ಮತ್ತೆ ಕರಗಿಸುತ್ತೇನೆ. ವಾಹನದ ಚಕ್ರದ ಸಮತೋಲಕ್ಕೆ ಹಾಕುವ ಹಳೆಯ ತೂಕದ ತುಂಡುಗಳನ್ನು ಬಳಸುವವರು ಸತುವನ್ನು ಬೇರ್ಪಡಿಸಲೇಬೇಕು. ಅದು ಕರಗುವುದು 420 ಡಿಗ್ರಿಯ ಹತ್ತಿರ, ಕಾವನ್ನು ಅದಕ್ಕಿಂತ ಸಾಕಷ್ಟು ಕೆಳಗೆ ಇಟ್ಟರೆ ಸತುವಿನ ತುಂಡುಗಳು ಮೇಲೆ ತೇಲುತ್ತವೆ, ತೆಗೆದುಬಿಡಬಹುದು.

ನನಗೆ ಮದ್ದಿಗಿಂತ ಹೆಚ್ಚು ಭಯವಿರುವುದು ನೀರಿನದು. ಕರಗಿದ ಸೀಸದೊಳಗೆ ಒಂದು ಹನಿ ಸಿಕ್ಕಿಕೊಂಡರೂ ಅದು ಸಾವಿರಾರು ಪಟ್ಟು ಹಿಗ್ಗುವ ಆವಿಯಾಗಿ, ಪಾತ್ರೆಯ ಸೀಸವನ್ನು ಮುಖಕ್ಕೆ ಎರಚುತ್ತದೆ. ಸೀಸದ ತುಂಡುಗಳನ್ನೂ ಸೌಟನ್ನೂ ಚೆನ್ನಾಗಿ ಕಾಯಿಸಿ ಒಣಗಿಸದೆ ನಾನು ಪಾತ್ರೆಗೆ ಇಳಿಸುವುದಿಲ್ಲ; ಕನ್ನಡಕ, ಮುಖಕವಚ, ದಪ್ಪ ಕೈಗವಸು ಇಲ್ಲದೆ ಒಲೆಯ ಹತ್ತಿರಕ್ಕೇ ಹೋಗುವುದಿಲ್ಲ. ಆಮೇಲೆ ಸೀಸದ ಧೂಳು. ಗಾಳಿಯಾಡುವಲ್ಲಿ ಎರಕ ಹೊಯ್ದರೂ, ಮೇಲೆ ಕಟ್ಟುವ ಕಿಟ್ಟವು ಪುಡಿಯಾಗಿ ಬೆರಳಿಗೆ, ಬೆರಳಿನಿಂದ ಬಾಯಿಗೆ ಸೇರುತ್ತದೆ. ಮಕ್ಕಳಿಗೆ ಅದರಿಂದ ಆಗುವ ಹಾನಿ ಸರಿಹೋಗುವಂಥದ್ದಲ್ಲ. ನಾನು ಕಿಟ್ಟವನ್ನು ಮುಚ್ಚಳವಿರುವ ಡಬ್ಬಿಯಲ್ಲಿಡುತ್ತೇನೆ, ಒಣ ಪೊರಕೆಯಿಂದ ಗುಡಿಸುವುದಿಲ್ಲ, ಸೋಪಿನಿಂದ ಕೈ ತೊಳೆದು ಬಟ್ಟೆ ಬದಲಿಸದೆ ಮನೆಯವರ ಬಳಿಗೆ ಹೋಗುವುದಿಲ್ಲ. ವರ್ಷಕ್ಕೊಮ್ಮೆ ರಕ್ತದಲ್ಲಿ ಸೀಸ ಎಷ್ಟಿದೆ ಎಂದು ಪರೀಕ್ಷೆ ಮಾಡಿಸುತ್ತೇನೆ. ಆ ಸಂಖ್ಯೆಯನ್ನು ಕೇಳಿ, ಹೇಳುತ್ತೇನೆ.