‘ಲಾ ಸಿಲ್ಫೀಡ್’ ಉಡುಪಿನ ಮರುನಿರ್ಮಾಣ: ಲಂಗದ ಪದರುಗಳು ಮುಗಿದವು, ಬಾಡಿಸು ಅರ್ಧಕ್ಕೆ ಬಂದಿದೆ

1832ರ ಮಾರ್ಚ್ 12ರಂದು ಪ್ಯಾರಿಸ್ ಒಪೇರಾದ ಲ ಪೆಲೆಟಿಯೆ ರಂಗಮಂದಿರದಲ್ಲಿ ‘ಲಾ ಸಿಲ್ಫೀಡ್’ ಬ್ಯಾಲೆಯ ಮೊದಲ ಪ್ರದರ್ಶನಕ್ಕೆ ನರ್ತಕಿ ಮಾರೀ ತಾಲಿಯೋನಿ ತೊಟ್ಟು ಬಂದ ಬಿಳಿ ಉಡುಪನ್ನು ಆದಷ್ಟೂ ಆ ಕಾಲದ ಬಟ್ಟೆ, ಆ ಕಾಲದ ಕೈಹೊಲಿಗೆಯಲ್ಲೇ ಕಟ್ಟುವ ಕೆಲಸ ಇದು. ವಿನ್ಯಾಸ ಯೂಜೀನ್ ಲಾಮಿಯದೆಂದು ಪ್ರತೀತಿ. ನೋಡಿ ಕಲಿಯಲು ಇರುವುದು ಮುಖ್ಯವಾಗಿ ಚಿತ್ರಕಾರ ಶಾಲೋನ್ ಬರೆದ ಚಿತ್ರಗಳ ಕಲ್ಲಚ್ಚುಗಳು (ಲಿಥೋಗ್ರಾಫ್). ಅವುಗಳಿಂದ ಕತ್ತಿನ ಆಕಾರ, ತೋಳಿನ ಜಾಗ, ಲಂಗದ ಉದ್ದ ಇಷ್ಟನ್ನು ಧೈರ್ಯವಾಗಿ ತೆಗೆದುಕೊಳ್ಳಬಹುದು. ಸೊಂಟ ಮತ್ತು ಪಾದದ ಅಳತೆಯನ್ನು ಮಾತ್ರ ನಂಬುವಂತಿಲ್ಲ, ಎರಡನ್ನೂ ಕಿರಿದಾಗಿಸಿ ಬರೆಯುವುದು ಆಗಿನ ವಾಡಿಕೆ.

ಇವತ್ತು ‘ರೊಮ್ಯಾಂಟಿಕ್ ಟುಟು’ (ಈ ಬಗೆಯ ಉದ್ದನೆಯ ಬ್ಯಾಲೆ ಲಂಗ) ಎಂದರೆ ಸಾಮಾನ್ಯವಾಗಿ ನೈಲಾನ್ ನೆಟ್. ನೆಟ್ ತಾನಾಗಿಯೇ ನಿಲ್ಲುತ್ತದೆ, ಅಲುಗಿದರೆ ಪುಟಿಯುತ್ತದೆ. ಹತ್ತಿಯ ಮಸ್ಲಿನ್ನಿನ ನಡತೆಯೇ ಬೇರೆ. ನರ್ತಕಿ ಹಾರಿ ಇಳಿದಾಗ ಮೈ ಮೊದಲು ಬರುತ್ತದೆ, ಬಟ್ಟೆ ಒಂದು ಗಳಿಗೆ ತಡವಾಗಿ ಬಂದು ಕೂರುತ್ತದೆ. ಅವಳು ಇನ್ನೂ ಗಾಳಿಯಲ್ಲೇ ಇದ್ದಾಳೆ ಅನ್ನಿಸುವುದು ಆ ತಡದಿಂದ. ಈ ಉಡುಪಿನಲ್ಲಿ ನಾವು ಹಿಡಿಯಬೇಕಾದದ್ದು ಅದನ್ನೇ. ಅದಕ್ಕೇ ನೆಟ್ಟನ್ನು ಪೂರ್ತಿ ಬಿಟ್ಟಿದ್ದೇವೆ.

ಬಟ್ಟೆಗೆ ಚಿಕ್ಕಪೇಟೆಯಲ್ಲಿ ಸಿಗುವ 44 ಅಂಗುಲ ಅಗಲದ ತೆಳು ಮಲ್‌ಮಲ್ ಸಾಕು. ಢಾಕಾದ ಕೈನೂಲಿನ ಮಸ್ಲಿನ್ 1830ರ ಹೊತ್ತಿಗೆ ಮೂಲೆ ಸೇರಿತ್ತು, ಯುರೋಪಿನಲ್ಲಿ ಓಡುತ್ತಿದ್ದದ್ದು ಯಂತ್ರದ ನೂಲು. ಹಾಗಾಗಿ ಗಿರಣಿಯ ಮಲ್‌ಮಲ್ ಬಳಸಿದರೆ ತಪ್ಪೇನಿಲ್ಲ. ‘ಹಾಲುಬಿಳಿ’ ಎಂದು ಮಾರುವ ತಾನನ್ನು ಮಾತ್ರ ಬೇಡವೆನ್ನಿ. ಅದಕ್ಕೆ ಹಾಕಿರುವ ಹೊಳಪಿನ ರಾಸಾಯನಿಕ ಎಲ್‌ಇಡಿ ಬೆಳಕಿನಲ್ಲಿ ನೀಲಿಗೆ ತಿರುಗಬಹುದು. ಕೊಂಚ ಕೆನೆಬಣ್ಣದ್ದೇ ಸರಿ. ಕತ್ತರಿಸುವ ಮೊದಲು ಬಿಸಿನೀರಿನಲ್ಲಿ ನೆನೆಸಿ ಒಣಗಿಸಿಕೊಳ್ಳಬೇಕು. ಇಲ್ಲದಿದ್ದರೆ ಗಂಜಿ ಹಾಕಿದ ದಿನವೇ ಲಂಗ ಗಿಡ್ಡವಾಗುತ್ತದೆ.

ಲೆಕ್ಕ ಹೀಗಿದೆ. ಮೀನಖಂಡಕ್ಕೂ ಹರಡಿಗೂ ನಡುವೆ ನಿಲ್ಲುವಂತೆ ಲಂಗದ ಉದ್ದ 75 ಸೆಂ.ಮೀ. ಕೆಳ ಅಂಚಿಗೆ 5, ಮೇಲಿನ ಮಡಿಕೆಗೆ 4 ಸೇರಿಸಿ 84 ಸೆಂ.ಮೀ.ಗೆ ಕತ್ತರಿಸಬೇಕು. ಒಂದು ಪದರಿಗೆ ಮೂರು ತುಂಡು, ಅಂದರೆ ಸುಮಾರು ಎರಡೂವರೆ ಮೀಟರ್ ಬಟ್ಟೆ. ಜೋಡಿಸಿದ ಮೇಲೆ ಸುತ್ತಳತೆ 330 ಸೆಂ.ಮೀ. ನಾಲ್ಕು ಪದರಿಗೆ ಹತ್ತು ಮೀಟರ್, ಕೈತಪ್ಪಿಗೆಂದು ಇನ್ನೊಂದು ಮೀಟರ್. ಹಾಸು ಎಳೆ ಮೇಲಿನಿಂದ ಕೆಳಕ್ಕೇ ಓಡಬೇಕು. ಅಡ್ಡ ಕತ್ತರಿಸಿದರೆ ಬಟ್ಟೆ ಬೇರೆ ರೀತಿ ಜೋಲುತ್ತದೆ.

ಈ 330 ಸೆಂ.ಮೀ. ಬಟ್ಟೆ 62 ಸೆಂ.ಮೀ. ಸೊಂಟಪಟ್ಟಿಯೊಳಗೆ ಸೇರಬೇಕು. ಸುಮ್ಮನೆ ದಾರ ಎಳೆದು ಸುರುಟಿದರೆ ಒಂದು ಕಡೆ ಗಂಟು, ಇನ್ನೊಂದು ಕಡೆ ಬೋಳು. ಮೇಲಂಚನ್ನು 4 ಸೆಂ.ಮೀ. ಒಳಕ್ಕೆ ಮಡಚಿ, 6 ಮಿ.ಮೀ.ಗೊಂದು ಚುಕ್ಕೆ ಇಟ್ಟು, ಒಂದರ ಕೆಳಗೊಂದು ಎರಡು ಸಾಲು ಓಡುಹೊಲಿಗೆ ಹಾಕಬೇಕು. ಎರಡೂ ಸಾಲಿನ ಸೂಜಿ ಒಂದೇ ನೇರದಲ್ಲಿ ಮೇಲೇಳಬೇಕು. ಆಗ ಮಾತ್ರ ದಾರ ಎಳೆದಾಗ ನೆರಿಗೆಗಳು ಕೊಳವೆಗಳ ಹಾಗೆ ಸಾಲಾಗಿ ನಿಲ್ಲುತ್ತವೆ. ಒಂದು ಸಾಲು ಅರ್ಧ ಹೊಲಿಗೆ ಜಾರಿದರೂ ನೆರಿಗೆ ಓರೆಯಾಗುತ್ತದೆ, ಅದು ಲಂಗದ ಕೆಳಗಿನವರೆಗೂ ಕಾಣುತ್ತದೆ. ಪದರಿಗೆ ಸುಮಾರು 275 ನೆರಿಗೆ. ಒಂದೊಂದರ ತಲೆಯನ್ನೂ ಸೊಂಟಪಟ್ಟಿಯ ಅಂಚಿಗೆ ಬೇರೆ ಬೇರೆ ಹೊಲಿಗೆಯಿಂದ ಹಿಡಿಸಬೇಕು. ದಾರಕ್ಕೆ ಜೇನುಮೇಣ ಸವರಿದರೆ ಎಳೆಯುವಾಗ ತುಂಡಾಗುವುದು ಕಡಿಮೆ.

ನಾಲ್ಕೂ ಪದರನ್ನು ಒಂದೇ ಪಟ್ಟಿಗೆ ಹೊಲಿದರೆ ಸೊಂಟ ದಪ್ಪವಾಗಿ ಇಡೀ ಆಕಾರ ಹಾಳಾಗುತ್ತದೆ. ಒಳಗಿನ ಎರಡನ್ನು ಪ್ರತ್ಯೇಕ ಒಳಲಂಗವಾಗಿ ಮಾಡಿ, ಅದರ ಪಟ್ಟಿಯನ್ನು ಸೊಂಟಕ್ಕಿಂತ 3 ಸೆಂ.ಮೀ. ಕೆಳಗೆ ಕೂರಿಸಿದ್ದೇವೆ. ಅಷ್ಟೇ ಉದ್ದವನ್ನು ಮೇಲಿನಿಂದ ಕಳೆಯುವುದನ್ನು ಮರೆಯಬಾರದು, ಇಲ್ಲವೆಂದರೆ ಒಳಲಂಗ ಕೆಳಗೆ ಇಣುಕುತ್ತದೆ.

ಇನ್ನು ಗಂಜಿ. ಗಂಟೆಯಾಕಾರ ಬರುವುದು ಬಟ್ಟೆ ಹೆಚ್ಚಿಸಿದ್ದರಿಂದಲ್ಲ, ಒಳಗಿನಿಂದ ಹೊರಕ್ಕೆ ಬಿಗಿ ಇಳಿಸುತ್ತ ಬಂದದ್ದರಿಂದ. ಲೀಟರ್ ನೀರಿಗೆ ಮೆಕ್ಕೆಜೋಳದ ಪಿಷ್ಟ ತೀರಾ ಒಳಪದರಿಗೆ 40 ಗ್ರಾಂ, ಎರಡನೆಯದಕ್ಕೆ 25, ಮೂರನೆಯದಕ್ಕೆ 10. ಹೊರಪದರಿಗೆ ಏನೂ ಬೇಡ. ಎಲ್ಲಕ್ಕೂ ಒಂದೇ ಹದ ಹಾಕಿದರೆ ಲಂಗ ಡಬ್ಬಿಯಂತೆ ನಿಲ್ಲುತ್ತದೆ, ಆ ತಡವಾಗಿ ಇಳಿಯುವ ಗುಣವೇ ಸತ್ತುಹೋಗುತ್ತದೆ. ಪಿಷ್ಟವನ್ನು ತಣ್ಣೀರಲ್ಲಿ ಕದಡಿ, ಕುದಿಯುವ ನೀರಿಗೆ ಹೊಯ್ದು, ಬಿಳುಪು ಹೋಗಿ ಪಾರಕವಾಗುವವರೆಗೆ ಕೈಬಿಡದೆ ತಿರುವಬೇಕು. ಆಮೇಲೆ ಬಟ್ಟೆಯಲ್ಲಿ ಶೋಧಿಸಿ. ಉಳಿದ ಒಂದು ಸಣ್ಣ ಗಂಟೂ ಹಿಂದಿನಿಂದ ದೀಪ ಬಿದ್ದಾಗ ಕಲೆಯಾಗಿ ಕಾಣುತ್ತದೆ. ನೆರಿಗೆ ಹೊಲಿದು ಮುಗಿದ ಮೇಲೆಯೇ ಅದ್ದಬೇಕು, ಅದೂ ಅಂಚಿನ ಕಡೆಯಿಂದ. ಸೊಂಟದ ಕೆಳಗಿನ ಒಂದು ಗೇಣು ಒಣಗಿಯೇ ಇರಲಿ. ಅಲ್ಲಿಗೆ ಗಂಜಿ ಏರಿದರೆ ನೆರಿಗೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅರೆ ಒಣಗಿರುವಾಗಲೇ ಇಸ್ತ್ರಿ. ಮಳೆಗಾಲದ ತೇವಕ್ಕೆ ಇದು ಇಳಿದೇ ಇಳಿಯುತ್ತದೆ, ಪ್ರದರ್ಶನದ ಹಿಂದಿನ ದಿನ ಮತ್ತೆ ಹಾಕುವುದೊಂದೇ ದಾರಿ.

ಕೆಳ ಅಂಚನ್ನು ಕೊನೆಗೆ ಬಿಟ್ಟಿದ್ದೇವೆ. ಗೊಂಬೆಯ ಮೇಲೆ ಒಂದು ರಾತ್ರಿ ತೂಗಿಬಿಟ್ಟು, ನೆಲದಿಂದ ಸುತ್ತಲೂ ಒಂದೇ ಎತ್ತರಕ್ಕೆ ಗುರುತು ಹಾಕಿ ಆಮೇಲೆ ಮಡಚಬೇಕು.

ಬೆಳಕಿನ ವಿಚಾರವನ್ನೂ ಜೊತೆಗೇ ನೋಡಬೇಕಾಯಿತು. ಲ ಪೆಲೆಟಿಯೆಗೆ ಗ್ಯಾಸ್ ದೀಪ 1822ರಲ್ಲೇ ಬಂದಿತ್ತು, 1831ರ ‘ರಾಬರ್ಟ್ ಲ ದಿಯಾಬ್ಲ್’ ಒಪೇರಾದ ಸನ್ಯಾಸಿನಿಯರ ನೃತ್ಯದಲ್ಲಿ ಅದು ಬೆಳದಿಂಗಳನ್ನೇ ತಂದಿತ್ತು. ಹಳದಿ ಬೆಳಕು, ಅದರಲ್ಲಿ ಒಂದು ಪಾಲು ವೇದಿಕೆಯ ಅಂಚಿನಿಂದ ಮೇಲ್ಮುಖವಾಗಿ. 2700 ಕೆಲ್ವಿನ್ ಬಲ್ಬುಗಳನ್ನು ನೆಲಮಟ್ಟದಲ್ಲಿ ಇಟ್ಟು ನೋಡಿದರೆ ಪದರುಗಳು ಒಂದರೊಳಗೊಂದು ಕರಗುತ್ತವೆ. ತಲೆಯ ಮೇಲಿನಿಂದ ಬಿಳಿ ದೀಪ ಹಾಕಿದರೆ ಅದೇ ಲಂಗ ಬರೀ ಬಟ್ಟೆಯಾಗಿ ಕಾಣುತ್ತದೆ. ತೆರೆದ ಜ್ವಾಲೆಯನ್ನು ಮಾತ್ರ ಹತ್ತಿರ ತರಲೇಕೂಡದು. ಪದರುಗಳ ನಡುವೆ ಗಾಳಿ ತುಂಬಿರುವುದರಿಂದ ಬೆಂಕಿ ಕ್ಷಣದಲ್ಲಿ ಮೇಲೇರುತ್ತದೆ. 1844ರಲ್ಲಿ ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರದಲ್ಲಿ ನರ್ತಕಿ ಕ್ಲಾರಾ ವೆಬ್‌ಸ್ಟರ್ ಸುಟ್ಟುಕೊಂಡು ತೀರಿಕೊಂಡಳು. ತಾಲಿಯೋನಿಯ ಶಿಷ್ಯೆ ಎಮ್ಮಾ ಲಿವ್ರಿಗೆ 1862ರ ನವೆಂಬರಿನ ತಾಲೀಮಿನಲ್ಲಿ ಬೆಂಕಿ ಹತ್ತಿತು, ತಿಂಗಳುಗಟ್ಟಲೆ ನರಳಿ 1863ರ ಜುಲೈನಲ್ಲಿ ಹೋದಳು. ಬೆಂಕಿ ತಡೆಯುವ ದ್ರಾವಣ ಆಗಲೇ ಬಂದಿತ್ತು. ಬಟ್ಟೆ ಬಿರುಸಾಗಿ ಮಂಕಾಗುತ್ತದೆಂದು ಆಕೆ ಅದನ್ನು ಒಲ್ಲೆನೆಂದಿದ್ದಳು. ಮಸ್ಲಿನ್ನಿನ ಹಗುರತನಕ್ಕೆ ಅವರು ತೆತ್ತ ಬೆಲೆಯನ್ನು ನೆನೆದರೆ ಇವತ್ತಿಗೂ ಕರುಳು ಹಿಂಡುತ್ತದೆ.

ಬಾಡಿಸು, ಅಂದರೆ ಉಡುಪಿನ ಮೈಗೆ ಬಿಗಿಯುವ ಮೇಲ್ಭಾಗ, ಅರ್ಧಕ್ಕೆ ನಿಂತಿದೆ. ಒಳಗೆ ಗಟ್ಟಿ ಹತ್ತಿಯ ಲೈನಿಂಗ್, ಹೊರಗೆ ಬಿಳಿ ಸ್ಯಾಟಿನ್, ಹಿಂದೆ ಕೈಯಿಂದಲೇ ಹೆಣೆದ ಕಾಜಾಗಳಲ್ಲಿ ಲಾಡಿ. ಭುಜ ಇಳಿದ ಅಗಲ ಕತ್ತು ಜಾರುವುದೇ ದೊಡ್ಡ ತೊಂದರೆ. ಕತ್ತಿನ ಅಂಚಿನೊಳಗೆ 5 ಮಿ.ಮೀ. ಸುರಂಗ ಬಿಟ್ಟು ಸಣ್ಣ ಲಾಡಿ ತೂರಿಸಿ ಬಿಗಿದರೆ ಮೈಗೆ ಕೂರುತ್ತದೆ. ಕಂಕುಳ ಆದಷ್ಟೂ ಮೇಲಿರಬೇಕು. ಕೆಳಗಾದರೆ ಕೈ ಎತ್ತಿದಾಗ ಇಡೀ ಬಾಡಿಸು ಮೇಲೇರುತ್ತದೆ.

ರೆಕ್ಕೆಗಳು ಚಿಕ್ಕವು, ಆದರೆ ಕತೆಯ ತಿರುವಿನಲ್ಲಿ ಕಳಚಿ ಬೀಳಬೇಕಾದವು: ಕಥಾನಾಯಕ ಜೇಮ್ಸ್ ಶಾಲು ಸುತ್ತಿದ ಕೂಡಲೇ ಸಿಲ್ಫ್ (ಈ ಉಡುಪು ತೊಡುವ ಗಾಳಿಕನ್ಯೆ) ತನ್ನ ರೆಕ್ಕೆ ಕಳೆದುಕೊಳ್ಳುತ್ತಾಳೆ. ಬೆನ್ನಿನ ಲೈನಿಂಗಿಗೆ ಎರಡೆರಡು ತಂತಿ ಉಂಗುರ, ರೆಕ್ಕೆಯ ಬುಡಕ್ಕೂ ಹಾಗೇ ಎರಡು, ಎಲ್ಲವನ್ನೂ ಪೋಣಿಸಿದ ಒಂದೇ ರೇಷ್ಮೆ ದಾರ. ತುದಿ ಎಳೆದರೆ ಎರಡೂ ಒಟ್ಟಿಗೆ ಬೀಳಬೇಕು. ಉಂಗುರವನ್ನು ಸ್ಯಾಟಿನ್ನಿಗೆ ಹೊಲಿದರೆ ಸ್ಯಾಟಿನ್ ಹರಿಯುತ್ತದೆ.

ಪಾದರಕ್ಷೆ ಇನ್ನೂ ಶುರುವಾಗಿಲ್ಲ. ತುದಿಗಾಲಲ್ಲಿ ಕುಣಿಯಲು ತೊಡುವ ಇವತ್ತಿನ ಪಾಯಿಂಟ್ ಶೂನ ಗಟ್ಟಿ ಮೂತಿ ಅದರಲ್ಲಿ ಇರುವುದಿಲ್ಲ. ಸ್ಯಾಟಿನ್, ಹತ್ತಿಯ ಒಳಪದರು, ಪಾದಕ್ಕಿಂತ ಕಿರಿದಾದ ತೆಳು ಚರ್ಮದ ಅಟ್ಟೆ, ಹರಡಿಗೆ ಕಟ್ಟುವ ರಿಬ್ಬನ್. ಒಳಮೈ ಹೊರಗಿಟ್ಟು ಹೊಲಿದು, ಅಟ್ಟೆಯನ್ನು ನೆನೆಸಿ ಮಗುಚುವ ಕ್ರಮ. ತುದಿಗಾಲಿಗೆ ಆಸರೆಯೆಂದರೆ ಮೂತಿಯ ಸುತ್ತ ಒತ್ತೊತ್ತಾಗಿ ಹಾಕಿದ ರಫೂ ಹೊಲಿಗೆ ಮಾತ್ರ, ಉಳಿದದ್ದೆಲ್ಲ ನರ್ತಕಿಯ ಕಾಲಿನ ಬಲ. ಮುಂದಿನ ಕೆಲಸ ಅಟ್ಟೆಗೆ ಹೊಂದುವ 2 ಮಿ.ಮೀ. ಚರ್ಮವನ್ನು ಹುಡುಕುವುದು.